ಟೈರ್ ಹಾಕುವಾಗ ಟ್ಯೂಬ್ ಕಚ್ಚದಿರಲಿ

ಜೂನ್ ಹಿಡಿಯಿತೆಂದರೆ ಕೊಡಗಿನಲ್ಲಿ ನುಣ್ಣಗಾದ ಟೈರಿನ ಬೈಕು ಓಡಿಸುವುದು ಹುಡುಗಾಟವಲ್ಲ. ಸಂಪಾಜೆ ಘಾಟಿಯ ತಿರುವಿಗೂ ಗ್ರಿಪ್ ಬೇಕು, ತೋಟದ ದಾರಿಯ ಪಾಚಿಗೂ ಬೇಕು. ಟೈರ್ ಬದಲಿಸುವುದಿದ್ದರೆ ಮೇ ತಿಂಗಳಲ್ಲೇ ಮುಗಿಸಿ. ಸ್ಪೋಕ್ ಚಕ್ರ, ಒಳಗೆ ಟ್ಯೂಬ್ ಇರುವ ಬೈಕಾದರೆ ಮನೆಯಂಗಳದಲ್ಲೇ ಆಗುವ ಕೆಲಸ ಇದು. ಟ್ಯೂಬ್‌ಲೆಸ್ ಆದರೆ ಮೆಷಿನ್ ಇರುವ ಅಂಗಡಿಗೇ ಕೊಡಿ. ಪೆಟ್ರೋಲ್ ಸುರಿದು ಬೆಂಕಿ ಕೊಟ್ಟು ಟೈರ್ ಕೂರಿಸುವ ವಿಡಿಯೊ ನೋಡಿ ಪ್ರಯೋಗಕ್ಕೆ ಇಳಿಯಬೇಡಿ.

ಟೈರ್ ಸವೆದಿದೆಯೇ ಎಂದು ಅಂದಾಜಿನಲ್ಲಿ ಹೇಳಬೇಕಿಲ್ಲ. ಪಕ್ಕದಲ್ಲಿ ಸಣ್ಣ ತ್ರಿಕೋನ ಅಥವಾ ‘ಟಿಡಬ್ಲ್ಯುಐ’ ಎಂಬ ಗುರುತಿರುತ್ತದೆ. ಅದರ ನೇರಕ್ಕೆ, ಗೆರೆಯ ಒಳಗೆ ಒಂದು ಪುಟ್ಟ ಉಬ್ಬು ಇದೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಅದರ ಆಯಸ್ಸು ಮುಗಿಯಿತು. ಬೋಳಾದ ಟೈರಿಗೆ ಬಿಸಿ ಬ್ಲೇಡಿನಲ್ಲಿ ಹೊಸ ಗೆರೆ ಕೊರೆದು ಕೊಡುವವರಿದ್ದಾರೆ. ಆ ಕಡೆ ತಲೆ ಹಾಕಬೇಡಿ. ಉಳಿದ ತೆಳು ರಬ್ಬರನ್ನೂ ಕೊರೆದರೆ ಇನ್ನೇನು ಉಳಿಯುತ್ತದೆ?

ಹೊಸ ಟೈರ್ ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ ಟೈರು ರಿಯಾಯಿತಿಗೆ ಸಿಕ್ಕರೂ ಬೇಡ. ಟ್ಯೂಬೂ ಹೊಸದೇ ಇರಲಿ. ಹತ್ತು ಪ್ಯಾಚ್ ಬಿದ್ದ ಟ್ಯೂಬನ್ನು ಹೊಸ ಟೈರಿನೊಳಗೆ ತುರುಕುವುದು ಯಾವ ಉಳಿತಾಯವೂ ಅಲ್ಲ.

ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಚಕ್ರ ಬಿಚ್ಚಿ. ಆಕ್ಸೆಲ್, ಅಂದರೆ ಚಕ್ರದ ನಡುವಿನ ಸರಳು, ಎಳೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಅದಕ್ಕೆ ತೊಡಿಸಿದ ಯಾವ ಕಾಲರ್ (ಬಳೆ) ಯಾವ ಕಡೆಯದು ಎಂದು ಆಮೇಲೆ ತಡಕಾಡುವುದು ತಪ್ಪುತ್ತದೆ. ಕೆಳಗೆ ಗೋಣಿಚೀಲ ಹಾಸಿ. ಗಾಳಿ ಪೂರ್ತಿ ಬಿಟ್ಟು, ವಾಲ್ವ್ ನಟ್ಟು ತೆಗೆದು, ಎರಡೂ ಪಕ್ಕ ತುಳಿದು ಬಿಡಿಸಿ ಹಳೆ ಟೈರ್ ಹೊರಗೆ ತೆಗೆಯಿರಿ. ರಿಮ್ಮಿನೊಳಗಿನ ರಬ್ಬರ್ ಪಟ್ಟಿ ಹರಿದಿದ್ದರೆ ಬದಲಿಸಿ, ಇಲ್ಲದಿದ್ದರೆ ಸ್ಪೋಕಿನ ತುದಿ ಟ್ಯೂಬಿಗೆ ಚುಚ್ಚುತ್ತದೆ. ಅಷ್ಟು ಹೊತ್ತು ಹೊಸ ಟೈರು ಕಾಫಿ ಕಣದ ಬಿಸಿಲಲ್ಲಿ ಬಿದ್ದಿರಲಿ. ಮೇ ಬಿಸಿಲಿಗೆ ರಬ್ಬರ್ ಮೆತ್ತಗಾಗಿ ಅರ್ಧ ಕೆಲಸ ಹಗುರಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಟೈರಿನ ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇದೆಯಾ ನೋಡಿ ಒಂದು ಪಕ್ಕ ರಿಮ್ಮಿಗೆ ಏರಿಸಿ. ಟ್ಯೂಬಿಗೆ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗೆ ಕೂರಿಸಿ. ಗಾಳಿ ಇಲ್ಲದ ಟ್ಯೂಬ್ ಮಡಚಿಕೊಂಡು ಲಿವರಿನ, ಅಂದರೆ ಟೈರ್ ಎತ್ತುವ ಕಬ್ಬಿಣದ ಪಟ್ಟಿಯ, ಅಡಿ ಬೀಳುತ್ತದೆ. ವಾಲ್ವ್ ನಟ್ಟನ್ನು ತುದಿಯಲ್ಲಿ ಎರಡು ಸುತ್ತು ಹಾಕಿ ಬಿಡಿ. ಎರಡನೇ ಪಕ್ಕವನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಉಲ್ಟಾ ಮಾಡುವವರೇ ಜಾಸ್ತಿ. ಟೈರಿನ ಅಂಚಿನಲ್ಲಿ, ಅಂದರೆ ಬೀಡಿನಲ್ಲಿ, ಉಕ್ಕಿನ ತಂತಿ ಇದೆ, ಅದು ಹಿಗ್ಗುವುದಿಲ್ಲ. ಮೊದಲು ಹತ್ತಿದ ಬದಿ ರಿಮ್ಮಿನ ನಡುವಿನ ತಗ್ಗಿಗೆ ಇಳಿದರೆ ಮಾತ್ರ ಈ ಬದಿಗೆ ಸಡಿಲ ಸಿಗುತ್ತದೆ. ವಾಲ್ವ್ ಇರುವ ಕಡೆ ಅದು ಪೂರ್ತಿ ಇಳಿಯುವುದಿಲ್ಲ. ಅದಕ್ಕೇ ಎದುರು ಬದಿಯ ಮೇಲೆ ಮೊಣಕಾಲೂರಿ ಕೂತುಕೊಳ್ಳಿ, ಅಂಚಿಗೆ ಸೋಪಿನ ನೀರು ಹಚ್ಚಿ. ಗ್ರೀಸು, ಹಳೆ ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಹಾಳು.

ಲಿವರಿನಲ್ಲಿ ಒಂದೊಂದು ಸಲ ಎರಡು ಬೆರಳಗಲದಷ್ಟೇ ಎತ್ತಿ. ಕೊನೆಯ ಒಂದು ಗೇಣು ಬಿಗಿಯಾದಾಗ ಬಲ ಹಾಕಿದಿರೋ, ಕೆಟ್ಟಿತು. ಬಿಗಿ ಎಂದರೆ ಎದುರು ಬದಿ ತಗ್ಗಿನಿಂದ ಮೇಲೆ ಬಂದಿದೆ ಎಂದೇ ಅರ್ಥ. ಮತ್ತೆ ತುಳಿದು ಇಳಿಸಿ. ವಾಲ್ವನ್ನು ಹೆಬ್ಬೆರಳಲ್ಲಿ ಒಳಕ್ಕೆ ಒತ್ತಿ ಟ್ಯೂಬ್ ಮೇಲೆ ಸರಿದದ್ದು ಖಾತ್ರಿಯಾದ ಮೇಲೆ ಕೊನೆಯ ಎತ್ತು. ಸ್ಕ್ರೂಡ್ರೈವರ್ ಮುಟ್ಟಲೇಬೇಡಿ. ಮಾರನೇ ದಿನ ಗಾಳಿ ಇಳಿದು, ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಕಂಡರೆ ಅದು ಮೊಳೆಯ ಕೆಲಸವಲ್ಲ, ನಿಮ್ಮ ಲಿವರಿನದೇ ಇರಬೇಕು.

ಗಾಳಿ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿ. ಟ್ಯೂಬಿನ ಮಡಿಕೆ ಬಿಡುತ್ತದೆ. ರಿಮ್ಮಿನ ಪಕ್ಕ ಟೈರಿನ ಮೇಲೊಂದು ತೆಳು ಗೆರೆ ಸುತ್ತ ಓಡುತ್ತದೆ. ಎಲ್ಲ ಕಡೆ ಒಂದೇ ಅಂತರದಲ್ಲಿ ಕಂಡರೆ ಸರಿಯಾಗಿ ಕೂತಿದೆ. ಒಂದು ಕಡೆ ಒಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಸೋಪು ನೀರು ಹಾಕಿ ಮತ್ತೊಮ್ಮೆ. ಎಷ್ಟು ಗಾಳಿ ಬೇಕು ಎಂಬುದಕ್ಕೆ ಪಂಪಿನ ಹುಡುಗನ ಮಾತಲ್ಲ, ಬೈಕಿನ ಮೇಲೆ ಅಂಟಿಸಿದ ಸ್ಟಿಕ್ಕರೇ ಲೆಕ್ಕ.

ಚಕ್ರ ಕೂರಿಸಿ, ಚೈನ್ ಬಿಗಿ ಮಾಡುವ ಜಾಗದ ಗುರುತು ಎರಡೂ ಕಡೆ ಸಮ ಮಾಡಿ, ಬ್ರೇಕು ಒತ್ತಿ ನೋಡಿ. ಹೊಸ ಟೈರಿನ ಮೇಲ್ಮೈ ಜಾರುತ್ತದೆ. ಮೊದಲ 100 ಕಿಲೋಮೀಟರನ್ನು ಕುಶಾಲನಗರದ ಕಡೆಯ ಸಪಾಟು ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಘಾಟಿಯಲ್ಲಿ ಬೈಕು ಮಲಗಿಸುವುದು ಆಮೇಲೆ.