ಹೊಡೆದಾಟದ ಕೇಸು, ಲಾಯರ್ ಹತ್ರ ಹೋಗೋ ಮುಂಚೆ ನಾನು ಮಾಡ್ಕೊಂಡಿದ್ದು

2024ರ ನವೆಂಬರ್, ತೀರ್ಥಹಳ್ಳಿ ಕಡೆ ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ನಡೀತಿತ್ತು. ಪಕ್ಕದ ತೋಟದವ್ರ ಜೊತೆ ಬೇಲಿ ತಕರಾರು ಹಳೇದು, ಅವತ್ತು ಬೆಳಿಗ್ಗೆ ಗಡಿ ಕಂದಕ, ಅಗಳದ ಹತ್ರ ಮಾತಿಗೆ ಮಾತು ಬೆಳೆದು ಹೊಡೆದಾಟ ಆಗೇಬಿಡ್ತು. ಮೂರನೇ ದಿನ ಸ್ಟೇಷನ್ನಿಂದ ನೋಟಿಸ್, ತೋಟದ ಕೆಲಸಕ್ಕೆ ಸೊಂಟಕ್ಕೆ ಕಟ್ಕೊಳ್ಳೋ ಕತ್ತಿಲಿ ನಾನು ಹೊಡೆದೆ ಅಂತ ಕಂಪ್ಲೇಂಟು.

ಮೊದ್ಲು ಎಫ್‌ಐಆರ್ ಕಾಪಿ ತೆಗೆಸ್ದೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಸೂಕ್ಷ್ಮ ಕೇಸು ಬಿಟ್ಟು ಉಳಿದಿದ್ದನ್ನ ಪೊಲೀಸ್ ವೆಬ್‌ಸೈಟಿಗೆ ಹಾಕ್ತಾರೆ, ಅಕ್ಕನ ಮಗ ಮೊಬೈಲಲ್ಲೇ ತೆಗ್ದು ಪೇಟೆಲಿ ಪ್ರಿಂಟ್ ಹಾಕ್ಸಿ ತಂದ. ಊರಲ್ಲಿ ಇನ್ನೂ ಎಲ್ರೂ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) ಸೆಕ್ಷನ್ 323, 324 ಅಂತಾರೆ, ಆದ್ರೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ನಂಬರ್ ಎಲ್ಲ ಬೇರೆ. ಬರೀ ಕೈಲಿ ಹೊಡೆದು ಸಣ್ಣಪುಟ್ಟ ಗಾಯ ಆದ್ರೆ 115(2), ಜಾಸ್ತಿ ಅಂದ್ರೆ ಒಂದು ವರ್ಷ, ಜಾಮೀನು ಸಿಗೋಂಥದ್ದು. ಆಯುಧ ಅಂದ್ರೆ 118(1), ಮೂರು ವರ್ಷದ ತನಕ, ಜಾಮೀನು ರಹಿತ, ಅಂದ್ರೆ ಜಾಮೀನು ಹಕ್ಕಲ್ಲ, ಕೋರ್ಟ್ ಕೊಟ್ರೆ ಉಂಟು. ನನ್ಮೇಲೆ ಹಾಕಿದ್ದು ಎರಡನೇದು. ಕತ್ತಿ ಸೊಂಟದಲ್ಲಿತ್ತೋ ಕೈಗೆ ಬಂದಿತ್ತೋ, ನನ್ನ ಕೇಸು ಪೂರ್ತಿ ಅದ್ರ ಮೇಲೇ ನಿಂತಿತ್ತು.

ಅವತ್ತು ರಾತ್ರಿ ಮಗಳ ಹಳೇ ನೋಟ್‌ಬುಕ್ಕಲ್ಲಿ ಆಗಿದ್ದೆಲ್ಲ ಬರೆಯೋಕೆ ಕೂತೆ, ಎಷ್ಟೊತ್ತಿಗೆ ತೋಟಕ್ಕಿಳಿದೆ, ಯಾರ್ಯಾರಿದ್ರು, ಯಾರು ಎಂತ ಅಂದ್ರು, ಫೋನಿನ ಕಾಲ್ ಲಿಸ್ಟ್ ನೋಡ್ಕೊಂಡು ಟೈಮ್ ಹಾಕ್ದೆ. ಎರಡು ಪುಟ ಆಯ್ತು. ನಮ್ಮನೆಯವ್ಳು ಓದಿ ಸ್ವಲ್ಪ ಹೊತ್ತು ಸುಮ್ನಿದ್ದು, "ಮೊದ್ಲು ದಬ್ಬಿದ್ದು ನೀವಲ್ವ, ಅದೆಲ್ಲಿದೆ ಇದ್ರಲ್ಲಿ?" ಅಂದ್ಲು. ನಂಗೆ ಮುಖ ಎತ್ತಕ್ಕಾಗ್ಲಿಲ್ಲ. ಆ ಪುಟ ಹರಿದು ಮತ್ತೆ ಬರೆದೆ, ದಬ್ಬಿದ್ದು, ಬೈದಿದ್ದು, ಒಂದ್ ಸಲ ಕೈ ಕತ್ತಿ ಹಿಡಿಗೆ ಹೋಗಿದ್ದು, ಎಲ್ಲ. ಲಾಯರ್‌ಗೆ ಹೇಳಿದ್ದನ್ನ ನಮ್ಮ ಒಪ್ಪಿಗೆ ಇಲ್ದೆ ಅವ್ರು ಹೊರಗೆ ಬಿಡೋ ಹಾಗಿಲ್ಲ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ನಲ್ಲೇ ಇದೆ, ಮುಂದೆ ಮಾಡೋಕೆ ಹೊರಟ ಅಪರಾಧದ ಮಾತಾದ್ರೆ ಬೇರೆ. ಹಾಗಾಗಿ ದಯವಿಟ್ಟು ಲಾಯರ್ ಹತ್ರ ಮಾತ್ರ ಎಂತದೂ ಮುಚ್ಚಿಡ್ಬೇಡಿ ಮಾರಾಯ್ರೆ, ನಾವು ಮುಚ್ಚಿಟ್ಟಿದ್ದನ್ನ ಎದುರು ಪಾರ್ಟಿ ಕೋರ್ಟಲ್ಲಿ ಬಿಚ್ಚಿದ್ರೆ ಅವ್ರಾದ್ರೂ ಎಂತ ಮಾಡ್ತಾರೆ.

ಬ್ಯಾಗಲ್ಲಿ ಹಾಕ್ಕೊಂಡಿದ್ದು ನೋಟಿಸು, ಎಫ್‌ಐಆರ್, ಆಧಾರ್, ಪಹಣಿ, ಸರ್ವೆ ನಕ್ಷೆ, ನನ್ನ ಹೆಬ್ಬೆರಳಿನ ಗಾಯಕ್ಕೆ ಆಸ್ಪತ್ರೆಲಿ ಕೊಟ್ಟ ಚೀಟಿ. ಫೋಟೋ ಇದ್ದ ಫೋನನ್ನೂ ಒಯ್ದೆ, ವಾಟ್ಸಾಪಲ್ಲಿ ಕಳಿಸಿದ್ದು ಸಾಲಲ್ಲ. ಸಾಕ್ಷಿಗಳನ್ನ ಕಣ್ಣಾರೆ ನೋಡಿದವ್ರು, ಗಲಾಟೆ ಶಬ್ದ ಮಾತ್ರ ಕೇಳಿದವ್ರು ಅಂತ ಬೇರೆ ಬೇರೆ ಬರ್ಕೊಂಡೆ. ಕೊನೆ ಇಳಿಸೋ ಕೊನೆಗಾರ ಮರದ ಮೇಲಿದ್ದ, ಅವ್ನಿಗೆ ಎಲ್ಲ ಕಾಣ್ತಿತ್ತು. ನೀನು ಹೀಗೇ ಹೇಳು ಅಂತ ಅವ್ನಿಗೆ ಒಂದು ಮಾತೂ ಹೇಳಿಕೊಡ್ಲಿಲ್ಲ.

ಲಾಯರ್ ಮೇಡಂ ನನ್ನ ಕಥೆ ಶುರು ಮಾಡೋಕೂ ಬಿಡ್ಲಿಲ್ಲ.

"ಕತ್ತಿ ಎಲ್ಲಿತ್ತು?"

"ಸೊಂಟದಲ್ಲಿ, ಕತ್ತಿಕೊಕ್ಕೆಲಿ ಮೇಡಂ."

"ಹೊರಗೆ ತೆಗೆದ್ರಾ?"

"ಇಲ್ಲ. ಹಿಡಿ ಮುಟ್ಟಿದ್ದೆ."

ನೋಟ್‌ಬುಕ್ ಈಸ್ಕೊಂಡು ಆ ಸಾಲು ಹುಡುಕಿ ಕೆಂಪು ಪೆನ್ನಲ್ಲಿ ಗೆರೆ ಎಳೆದ್ರು. ಅವ್ರ ಗಾಯದ ಸರ್ಟಿಫಿಕೇಟ್ ಬರ್ಲಿ, ಕೊಯ್ದ ಗಾಯನೋ ತರಚಿದ್ದೋ ಅದ್ರಲ್ಲಿ ಗೊತ್ತಾಗತ್ತೆ ಅಂದ್ರು. ರಾಜಿ ಮಾತಾಡ್ತೀನಿ ಅಂತ ನೀವೇ ಅವ್ರ ಮನೆಗೆ ಹೋಗ್ಬೇಡಿ, ಸಾಕ್ಷಿ ಹೆದರಿಸಿದ್ರು ಅಂತ ಇನ್ನೊಂದು ಕೇಸಾಗತ್ತೆ ಅಂತಾನೂ ಹೇಳಿದ್ರು. ಫೀಸು ಜಾಮೀನಿಗೆ ಎಷ್ಟು, ಮುಂದೆ ವಿಚಾರಣೆಗೆ ಎಷ್ಟು ಅಂತ ಬೇರೆ ಬೇರೆ ಕೇಳ್ಕೊಂಡೆ. ಕೊಡೋ ಶಕ್ತಿ ಇಲ್ದವ್ರು ಕಾನೂನು ಸೇವಾ ಸಮಿತಿಲಿ ವಿಚಾರಿಸಿ, ಹೆಂಗಸ್ರಿಗೆ, ಎಸ್‌ಸಿ ಎಸ್‌ಟಿ ಅವ್ರಿಗೆ ಆದಾಯ ಎಷ್ಟೇ ಇದ್ರೂ ಪುಕ್ಕಟೆ ಲಾಯರ್ ಸಿಗ್ತಾರೆ.

ಶಿವಮೊಗ್ಗ ಸೆಷನ್ಸ್ ಕೋರ್ಟಲ್ಲಿ ನಿರೀಕ್ಷಣಾ ಜಾಮೀನು, ಅಂದ್ರೆ ಅರೆಸ್ಟಿಗೆ ಮುಂಚೆನೇ ತಗೊಳ್ಳೋ ಜಾಮೀನು, ಆಯ್ತು, ಕೇಸು ಇನ್ನೂ ನಡೀತಿದೆ. ಆ ಕತ್ತಿನ ಮುಟ್ಬೇಡಿ, ತೊಳೀಬೇಡಿ, ಪೊಲೀಸ್ರು ಕೇಳಿದ್ರೆ ಸಾಕ್ಷಿಗಳ ಮುಂದೆ ಬರೆಯೋ ಮಹಜರ್ ಮಾಡಿಸಿ ಕೊಡಿ ಅಂದಿದ್ರು ಮೇಡಂ. ಕೊಕ್ಕೆ ಸಮೇತ ಜಗಲಿ ಗೂಟಕ್ಕೆ ಹಾಗೇ ನೇತುಹಾಕಿ, ಆ ವರ್ಷದ ಕೊಯ್ಲು ಅಣ್ಣನ ಮನೆ ಕತ್ತಿ ತಂದು ಮುಗಿಸಿದ್ವಿ.