ಮಂಜುಗಡ್ಡೆಯ ಗುಪ್ತೋಷ್ಣವನ್ನು ನಾನು ಅಳೆಯುವ ಬಗೆ

ಸೊನ್ನೆ ಡಿಗ್ರಿಯ ಮಂಜುಗಡ್ಡೆ ತಾಪ ಏರದೆ ಕರಗಲು ಬೇಕಾದ ಉಷ್ಣವೇ ಅದರ ಗುಪ್ತೋಷ್ಣ. ಮಿಶ್ರಣ ವಿಧಾನದಲ್ಲಿ, ಅಂದರೆ ಬೆಚ್ಚಗಿನ ನೀರಿಗೆ ಮಂಜುಗಡ್ಡೆ ಹಾಕಿ ತಾಪ ಎಷ್ಟು ಇಳಿಯಿತೆಂದು ನೋಡಿ, ಅದನ್ನು ಅಳೆದರೆ ಗ್ರಾಂಗೆ 334 ಜೂಲ್‌ನ ಆಸುಪಾಸು ಬರಬೇಕು. ಎಷ್ಟೋ ಸಲ 315 ಬರುತ್ತದೆ, ಇಲ್ಲವೇ 370 ದಾಟುತ್ತದೆ. ಆಗ ಎಲ್ಲರೂ ಲೆಕ್ಕವನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ತಪ್ಪು ಸಾಮಾನ್ಯವಾಗಿ ಇರುವುದು ನೀರಿಗೆ ಹಾಕಿದ ಮಂಜುಗಡ್ಡೆಯಲ್ಲಿ.

ನಾನು ಬಳಸುವುದು ಕಲಕುವ ಕಡ್ಡಿಯೂ ಸೇರಿ 100 ಗ್ರಾಂ ತೂಗುವ ತಾಮ್ರದ ಕ್ಯಾಲರಿಮೀಟರ್ (ಉಷ್ಣ ಅಳೆಯುವ ಪಾತ್ರೆ) ಮತ್ತು 0.1 ಡಿಗ್ರಿ ಗೆರೆಗಳಿರುವ ಥರ್ಮಾಮೀಟರ್. ಖಾಲಿ ಪಾತ್ರೆ ತೂಗಿ, 200 ಗ್ರಾಂ ನೀರು ಹಾಕಿ ಮತ್ತೆ ತೂಗುತ್ತೇನೆ. ಕೋಣೆಯ ತಾಪಮಾನ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ನೀರನ್ನು 33ರಿಂದ ಶುರುಮಾಡಿ 19ರ ಹತ್ತಿರ ಮುಗಿಸುತ್ತೇನೆ. ಮೊದಲು ಹೊರಗೆ ಹೋದ ಉಷ್ಣ, ಆಮೇಲೆ ಒಳಗೆ ಬಂದ ಉಷ್ಣಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮೇಲೆ 8, ಕೆಳಗೆ 6 ಏಕೆಂದರೆ, ತಾಪ ಮೊದಲು ಬೇಗ ಇಳಿದು ಕೊನೆಯಲ್ಲಿ ನಿಧಾನವಾಗುತ್ತದೆ. ನೀರು ಕೋಣೆಗಿಂತ ತಣ್ಣಗಿರುವ ಹೊತ್ತೇ ಹೆಚ್ಚು.

ಇನ್ನು ಮಂಜುಗಡ್ಡೆ. ಫ್ರೀಜರ್‌ನಿಂದ ಆಗಷ್ಟೇ ತೆಗೆದದ್ದು ಮೈನಸ್ 18 ಡಿಗ್ರಿಯಲ್ಲಿರುತ್ತದೆ. ಅದು ಸೊನ್ನೆಗೆ ಏರಲಿಕ್ಕೇ ಗ್ರಾಂಗೆ ಸುಮಾರು 38 ಜೂಲ್ ನುಂಗುತ್ತದೆ. ಉತ್ತರ 372 ಆಗುವುದು ಹೀಗೆ. ಮೇಲೆ ಬಿಳಿ ಹಿಮಪುಡಿ ಕಂಡರೆ, ನೀರಿಗೆ ಬಿದ್ದೊಡನೆ ಚಟಚಟ ಸೀಳಿದರೆ, ಅದಿನ್ನೂ ಸೊನ್ನೆಗೆ ಬಂದಿಲ್ಲ. ಸಣ್ಣ ಚೂರುಗಳನ್ನು ತಟ್ಟೆಯಲ್ಲಿ ಬಿಟ್ಟು, ಮೈ ಪಾರದರ್ಶಕವಾಗಿ ನೀರಾಡುವವರೆಗೆ ಕಾಯುತ್ತೇನೆ. ಆ ನೀರೂ ಒಳಗೆ ಹೋಗಬಾರದು: 30 ಗ್ರಾಂ ಮಂಜುಗಡ್ಡೆಯ ಜೊತೆ ಒಂದು ಗ್ರಾಂ ನೀರು ಅಂಟಿಕೊಂಡಿದ್ದರೆ ಉತ್ತರ 11 ಜೂಲ್ ಕುಸಿಯುತ್ತದೆ. ಹಾಗಾಗಿ ಒಂದೊಂದೇ ಚೂರನ್ನು ಬ್ಲಾಟಿಂಗ್ ಪೇಪರ್‌ನಲ್ಲಿ ಹೊರಳಿಸಿ ಒತ್ತಿ, ಇಕ್ಕಳದಲ್ಲಿ ಹಿಡಿದು, ನೀರು ಚಿಮ್ಮದಂತೆ ಇಳಿಬಿಡುತ್ತೇನೆ. ಬೆರಳು ತಾಗಿಸಿದರೆ ಒರೆಸಿದ್ದೆಲ್ಲ ವ್ಯರ್ಥ.

ಕಲಕುವುದನ್ನು ನಿಲ್ಲಿಸುವುದಿಲ್ಲ, ತೇಲುವ ಚೂರನ್ನು ಕಡ್ಡಿಯಿಂದ ನೀರಿನೊಳಗೆ ಅದುಮಿಡುತ್ತೇನೆ. ಕೊನೆಯ ಚೂರು ಮಾಯವಾದ ಮೇಲೆ ಕಾಣುವ ಅತಿ ಕಡಿಮೆ ತಾಪವೇ ಅಂತಿಮ ತಾಪ. ಅದರಲ್ಲಿ ಅರ್ಧ ಡಿಗ್ರಿ ಹೆಚ್ಚಾಗಿ ಓದಿದರೆ ಉತ್ತರ 17 ಜೂಲ್ ಇಳಿಯುತ್ತದೆ. ಎರಡೂ ಓದುಗಳಿಗೆ ಒಂದೇ ಥರ್ಮಾಮೀಟರ್ ಇರಲಿ. ಅದರದ್ದೇ ಸ್ಥಿರ ದೋಷವಿದ್ದರೆ ವ್ಯತ್ಯಾಸದಲ್ಲಿ ಹೊರಟುಹೋಗುತ್ತದೆ.

ಕೊನೆಯ ತೂಕದಿಂದ ಕರಗಿದ್ದು ಎಷ್ಟೆಂದು ತಿಳಿಯುತ್ತದೆ. 29.6 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಗ್ರಾಂ ಒಂದು ಡಿಗ್ರಿ ಏರಲು ಇಲ್ಲವೇ ಇಳಿಯಲು ನೀರಿಗೆ 4.18 ಜೂಲ್, ತಾಮ್ರಕ್ಕೆ 0.385 ಜೂಲ್. ಹಾಗಾಗಿ ನೀರಿನ ಪಾಲು 200 × 4.18, ತಾಮ್ರದ ಪಾಲು 100 × 0.385, ಒಟ್ಟು ಡಿಗ್ರಿಗೆ 874.5 ಜೂಲ್, 14 ಡಿಗ್ರಿಗೆ 12,243. ಇದನ್ನು 29.6ರಿಂದ ಭಾಗಿಸಿದರೆ 413.6. ಕರಗಿದ ನೀರು ಸೊನ್ನೆಯಿಂದ 19ಕ್ಕೆ ಏರಲು ತಿಂದ 79.4 ಕಳೆದರೆ 334.2.

ಹವೆಯಲ್ಲಿ ತೇವ ಹೆಚ್ಚಿದ್ದಾಗ ಇನ್ನೊಂದು ತೊಡಕು: ತಣಿದ ಪಾತ್ರೆಯ ಹೊರಮೈಗೆ ಹನಿ ಕಟ್ಟುತ್ತದೆ. 0.1 ಗ್ರಾಂ ಆವಿ ಹನಿಯಾದರೂ ಸುಮಾರು 245 ಜೂಲ್ ಪಾತ್ರೆಗೆ ಸೇರುತ್ತದೆ, ಉತ್ತರ 8ರಷ್ಟು ತಗ್ಗುತ್ತದೆ. ತೂಗುವ ಮುನ್ನ ಒರೆಸಿದರೆ ತೂಕ ಸರಿಹೋದೀತು, ಒಳಸೇರಿದ ಉಷ್ಣ ವಾಪಸು ಬಾರದು. ಅಂಥ ದಿನ ಮಂಜುಗಡ್ಡೆ ಕಡಿಮೆ ಹಾಕಿ, 30ರಿಂದ 22ರೊಳಗೆ ಕೆಲಸ ಮುಗಿಸುತ್ತೇನೆ.