ದಿನದ ಕೊನೆಗೆ ಆತ್ಮಶೋಧನೆ: ಒಬ್ಬ ಬಸ್ ಕಂಡಕ್ಟರ್ ಮಾಡುವ ರೀತಿ

ಡ್ಯೂಟಿ ಮುಗಿಸಿ ಡಿಪೋಗೆ ಬಂದ ಕಂಡಕ್ಟರ್ ಮೊದಲು ಹೋಗಬೇಕಾದ್ದು ಕ್ಯಾಷ್ ಕೌಂಟರಿಗೆ. ಟಿಕೆಟ್ ಮೆಷಿನ್ ತೋರಿಸುವ ಮೊತ್ತಕ್ಕೂ ಬ್ಯಾಗಿನಲ್ಲಿರುವ ದುಡ್ಡಿಗೂ ತಾಳೆಯಾಗಬೇಕು. ಕಮ್ಮಿ ಬಿದ್ದರೆ ಕೈಯಿಂದ ಕಟ್ಟಬೇಕು. ಇವತ್ತು ಎಷ್ಟು ಜನರನ್ನು ಕ್ಷೇಮವಾಗಿ ಊರು ಮುಟ್ಟಿಸಿದೆಯಪ್ಪಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಎಷ್ಟು ಕಮ್ಮಿ ಬಿತ್ತು ಅನ್ನುವುದೊಂದೇ ಪ್ರಶ್ನೆ. ನಮ್ಮಲ್ಲಿ ಬಹಳ ಮಂದಿ ರಾತ್ರಿ ದೇವರ ಮುಂದೆ ಕೂರುವುದೂ ಹೀಗೇ, ಕಮ್ಮಿ ಬಿದ್ದ ಲೆಕ್ಕವನ್ನಷ್ಟೇ ಹಿಡಿದುಕೊಂಡು. ನಾಲ್ಕು ದಿನ ಕೂತು ಬೇಸರ ಹತ್ತಿ ಬಿಟ್ಟುಬಿಡುತ್ತಾರೆ.

ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ಆತ್ಮಶೋಧನೆಯಲ್ಲಿ ಲೆಕ್ಕ ಶುರುವಾಗುವುದು ಬಂದದ್ದರಿಂದ. ಕಮ್ಮಿ ಬಿದ್ದದ್ದು ಆಮೇಲೆ. ಇಗ್ನೇಷಿಯಸ್ ಮೂಲತಃ ಕತ್ತಿ ಹಿಡಿದು ಹೆಸರು ಮಾಡಬೇಕೆಂದಿದ್ದ ಮನುಷ್ಯ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು; ಹಾಸಿಗೆ ಹಿಡಿದಾಗ ಮನಸ್ಸು ತಿರುಗಿತು. ಆಮೇಲೆ ಅವರು ಬರೆದ ಧ್ಯಾನಸಾಧನೆಗಳಿಗೆ 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಆತ್ಮಶೋಧನೆಗೆ ಐದು ಹಂತ ಹೇಳಿದ್ದಾರೆ: ಉಪಕಾರ ನೆನೆಯುವುದು, ಬೆಳಕು ಕೇಳುವುದು, ದಿನವನ್ನು ಗಂಟೆ ಗಂಟೆಯಾಗಿ ತಿರುವಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತಿದ್ದಿಕೊಳ್ಳುವುದು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಧ್ಯಾನಕೂಟದಲ್ಲಿ, ಇಗ್ನೇಷಿಯಸ್ ಕಟ್ಟಿದ ಯೇಸುಸಭೆಯ ಫಾದರ್ ಒಬ್ಬರು ಇದನ್ನು ನಮಗೆ ಹೇಳಿಕೊಟ್ಟರು. ನಾನು ಮೈಸೂರು–ಹೆಗ್ಗಡದೇವನಕೋಟೆ ಕಡೆ ಓಡಾಡುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಮಠದೊಳಗೆ ಕೂರುವವರಿಗೆ ಸರಿ, ನಮ್ಮಂಥವರಿಗಲ್ಲ ಅಂದುಕೊಂಡೇ ಕೇಳಿದ್ದೆ. ಈಗ ಅದೇ ನನ್ನ ರಾತ್ರಿಯ ಪ್ರಾರ್ಥನೆ. ನಮ್ಮ ಥರದ ಕೆಲಸದ ನಡುವೆ ಇದನ್ನು ಹೇಗೆ ಮಾಡಬಹುದು ಅಂತ ಬರೆಯುತ್ತಿದ್ದೇನೆ.

ಎಲ್ಲಿ, ಯಾವಾಗ

ಊಟ ಆದ ಮೇಲೆ, ಮಲಗುವ ಮುಂಚೆ. ಹತ್ತು ನಿಮಿಷ ಸಾಕು, ಹದಿನೈದು ದಾಟಿಸಬೇಡಿ. ಮಲಗಿಕೊಂಡು ಮಾಡಲು ಹೋಗಬೇಡಿ, ಎರಡನೇ ಹಂತಕ್ಕೇ ಗೊರಕೆ ಬರುತ್ತದೆ. ನೈಟ್ ಹಾಲ್ಟ್ ಇದ್ದ ದಿನ ಡ್ರೈವರ್ ಅಣ್ಣ ಹಿಂದಿನ ಉದ್ದ ಸೀಟಿನಲ್ಲಿ ಚಾಪೆ ಹಾಸಿ ಮಲಗುತ್ತಾರೆ. ನಾನು ಬಾಗಿಲ ಪಕ್ಕದ ಕಂಡಕ್ಟರ್ ಸೀಟಿನಲ್ಲಿ ಕೂರುತ್ತೇನೆ. ಮನೆಯಲ್ಲಿದ್ದ ದಿನ ಎಲ್ಲರೂ ಸೇರಿ ಜಪಸರ ಮುಗಿಸಿದ ಮೇಲೆ ಅಡುಗೆಮನೆಯ ಮೆಟ್ಟಿಲು. ಮೊಬೈಲನ್ನು ಕೈಗೆಟುಕದ ಕಡೆ ಇಡಿ. ಒಂದು ಸಣ್ಣ ಪಾಕೆಟ್ ಪುಸ್ತಕ, ಒಂದು ಪೆನ್ನು ಇರಲಿ. ಅದು ಬೇಕೇಬೇಕು ಅಂತಿಲ್ಲ, ಆದರೆ ನನ್ನಂಥ ಮರೆಗುಳಿಗಳಿಗೆ ಒಳ್ಳೆಯದು. ತೀರಾ ಸುಸ್ತಾದ ದಿನ ಮೊದಲ ಹಂತವೊಂದನ್ನೇ ಮಾಡಿ ಮಲಗಿ. ದೇವರೇನೂ ಮೆಮೊ ಕೊಡುವುದಿಲ್ಲ.

ಮೊದಲು ಉಪಕಾರ

ಈ ಹಂತಕ್ಕೆ ಅರ್ಧ ಹೊತ್ತು ಕೊಡಿ. ಆರೋಗ್ಯ ಕೊಟ್ಟಿದ್ದಕ್ಕೆ ಸ್ತೋತ್ರ, ಸಂಸಾರ ಕೊಟ್ಟಿದ್ದಕ್ಕೆ ಸ್ತೋತ್ರ ಅಂತ ಒಟ್ಟಾರೆ ಹೇಳಿದರೆ ಬಾಯಿ ಆಡುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಇವತ್ತು ಆದದ್ದು, ಇವತ್ತಷ್ಟೇ ಆದದ್ದು ಬೇಕು. ಬೆಳಗಿನ ಫಸ್ಟ್ ಟ್ರಿಪ್ಪಿನಲ್ಲಿ ಎಲ್ಲರೂ ಐನೂರರ ನೋಟು ಹಿಡಿದು ನಿಂತಾಗ ಹೂವಿನ ಬುಟ್ಟಿಯ ಅಮ್ಮ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿ ಕೊಟ್ಟದ್ದು. ಕಾಡಂಚಿನ ತಿರುವಿನಲ್ಲಿ ದನ ಅಡ್ಡ ಬಂದಾಗ ಡ್ರೈವರ್ ಅಣ್ಣ ನಿಂತವರೊಬ್ಬರೂ ಮುಗ್ಗರಿಸದ ಹಾಗೆ ಬ್ರೇಕ್ ಒತ್ತಿದ್ದು. ಹಾಲ್ಟ್ ಊರಿನಲ್ಲಿ ಒಬ್ಬರು ಮುದ್ದೆ, ಸೊಪ್ಪಿನ ಸಾರು ತಂದಿಟ್ಟು, ತಟ್ಟೆ ಬೆಳಿಗ್ಗೆ ಕೊಡಿ ಅಂತ ಹೇಳಿ ಹೋದದ್ದು.

ಇಲ್ಲೊಂದು ಗುಂಡಿ ಇದೆ, ಹುಷಾರು. ಸಂತ ಲೂಕರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಧರ್ಮನಿಷ್ಠನೆನಿಸಿಕೊಂಡ ಫರಿಸಾಯನೂ ಜನ ಪಾಪಿ ಅನ್ನುತ್ತಿದ್ದ ಸುಂಕದವನೂ ದೇವಾಲಯಕ್ಕೆ ಹೋಗುತ್ತಾರಲ್ಲ, ಆ ಫರಿಸಾಯನ ಪ್ರಾರ್ಥನೆ ಶುರುವಾಗುವುದೂ ದೇವರಿಗೆ ವಂದನೆ ಹೇಳಿಯೇ. ನಾವು ಇದನ್ನು ಗಮನಿಸುವುದು ಕಮ್ಮಿ. ಬೇರೆಯವರ ಹಾಗೆ ನಾನಿಲ್ಲ, ಅದಕ್ಕೆ ವಂದನೆ. ವಾರಕ್ಕೆರಡು ಉಪವಾಸ ಮಾಡುತ್ತೇನೆ, ಹತ್ತರಲ್ಲೊಂದು ಪಾಲು ಕೊಡುತ್ತೇನೆ ಅಂತ ಅವನ ಮಾತು ಸಾಗುತ್ತದೆ. ದೇವರಿಗೆ ವಂದಿಸುತ್ತಲೇ ತನ್ನ ಗುಣಗಾನ! ಇದು ನಮ್ಮೊಳಗೂ ನುಸುಳದಿರಲು ನಾನು ಪಾಲಿಸುವ ಉಪಾಯ ಒಂದೇ. ಪುಸ್ತಕದಲ್ಲಿ ಬರೆಯುವ ಪ್ರತಿ ಸಾಲಿನಲ್ಲೂ ಕೆಲಸ ಮಾಡಿದವರು ಬೇರೆಯವರಾಗಿರಬೇಕು. ‘ನನಗೆ ಒಳ್ಳೆ ಕಲೆಕ್ಷನ್ ಆಯಿತು’ ಅಂತ ಬರೆದರೆ ಹೊಡೆದುಹಾಕುತ್ತೇನೆ. ‘ಕಾಲೇಜು ಹುಡುಗರು ಕೇಳುವ ಮುಂಚೆಯೇ ಪಾಸು ತೋರಿಸಿದರು’ ಅಂತ ಬರೆಯುತ್ತೇನೆ. ಒಂದು ವಾರ ಹೀಗೆ ಬರೆದು ನೋಡಿ. ನನ್ನ ಒಂದು ದಿನ ಸುಸೂತ್ರವಾಗಿ ಸಾಗಲು ಎಷ್ಟು ಕೈ ಸೇರಿವೆ ಅನ್ನುವುದು ಪುಸ್ತಕ ತೆರೆದರೆ ಕಾಣುತ್ತದೆ. ವಿನಯ ಬೇಕು ಅಂತ ಮುಷ್ಟಿ ಬಿಗಿದು ಕೂತರೆ ಬರುವುದಿಲ್ಲ. ಈ ಪಟ್ಟಿ ಬೆಳೆಯುತ್ತಾ ಹೋದ ಹಾಗೆ ಜಂಬಕ್ಕೆ ಜಾಗ ತಾನಾಗಿ ಕಮ್ಮಿಯಾಗುತ್ತದೆ.

ಹಾಗೆ ಬರೆದದ್ದರಲ್ಲಿ ಒಂದನ್ನಾದರೂ ಮಾರನೇ ದಿನ ಆ ಮನುಷ್ಯರಿಗೇ ಹೇಳಿ. ಸಂತ ಲೂಕರಲ್ಲೇ 17ನೇ ಅಧ್ಯಾಯ ನೋಡಿ: ಹತ್ತು ಜನ ಕುಷ್ಠರೋಗಿಗಳು ವಾಸಿಯಾದರು, ತಿರುಗಿ ಬಂದವನು ಒಬ್ಬ, ಅವನೂ ಯೆಹೂದ್ಯರು ಹೊರಗಿನವನೆಂದು ದೂರವಿಡುತ್ತಿದ್ದ ಸಮಾರಿಯದವನು. ಉಳಿದ ಒಂಬತ್ತು ಜನ ಕೆಟ್ಟವರು ಅಂತ ನನಗನ್ನಿಸುವುದಿಲ್ಲ. ಯಾಜಕರ ಹತ್ತಿರ ಹೋಗಿ ತೋರಿಸಿಕೊಳ್ಳಿ ಅಂತ ಯೇಸುಸ್ವಾಮಿಯೇ ಹೇಳಿದ್ದರು, ಅವರು ಹೋದರು. ನಮ್ಮ ಹಾಗೆ ಡ್ಯೂಟಿಯಲ್ಲಿದ್ದರು. ಉಪಕಾರ ಹೇಳುವುದಕ್ಕೆ ಹೋಗುತ್ತಿರುವ ದಾರಿ ಬಿಟ್ಟು ಒಂದಿಷ್ಟು ಹಿಂದಕ್ಕೆ ನಡೆಯಬೇಕಾಗುತ್ತದೆ. ಡಿಪೋದಲ್ಲಿ ರಾತ್ರಿ ಬಸ್ಸು ತೊಳೆಯುವವರಿಗೆ ‘ಸೀಟಿನ ಕೆಳಗೂ ಗುಡಿಸಿದ್ರಲ್ಲಾ ಅಣ್ಣಾ, ಬೆಳಿಗ್ಗೆ ನೋಡಿ ಖುಷಿಯಾಯ್ತು’ ಅನ್ನಲು ಶೆಡ್ಡಿನ ತನಕ ಹೋಗಿಬರಬೇಕು. ಆ ಹೆಜ್ಜೆ ಇಡಿ. 1542ರಲ್ಲಿ ತಮ್ಮ ಸಂಗಾತಿ ಸಿಮಾವೊ ರೊಡ್ರಿಗಸ್ ಅವರಿಗೆ ಬರೆದ ಪತ್ರದಲ್ಲಿ ಇಗ್ನೇಷಿಯಸ್, ಉಪಕಾರ ಮರೆಯುವುದೇ ಎಲ್ಲ ಪಾಪಗಳ ಮೂಲ ಅನ್ನುವ ಅರ್ಥದ ಮಾತು ಹೇಳಿದ್ದಾರೆ. ಮೊದಮೊದಲು ನನಗೆ ಅತಿಯಾಯಿತು ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಎರಡನೇ ಹಂತ ಚಿಕ್ಕದು. ಕಣ್ಣು ಮುಚ್ಚಿ ಪವಿತ್ರಾತ್ಮರನ್ನು ಕೇಳಿ: ನನ್ನ ದಿನವನ್ನು ನಿಮ್ಮ ಕಣ್ಣಿನಿಂದ ನೋಡುವ ಹಾಗೆ ಮಾಡಿ. ಅಷ್ಟೇ.

ದಿನವನ್ನು ತಿರುವುವುದು

ಗಂಟೆ ಗಂಟೆಯಾಗಿ ಅಂತ ಇಗ್ನೇಷಿಯಸ್ ಹೇಳುತ್ತಾರೆ. ನಾನು ಟ್ರಿಪ್ ಟ್ರಿಪ್ಪಾಗಿ ನೋಡುತ್ತೇನೆ. ಅಂಗಡಿಯವರು ಬೆಳಗಿನ ವ್ಯಾಪಾರ, ಸಂಜೆ ವ್ಯಾಪಾರ ಅಂತ ನೋಡಬಹುದು. ಮೇಷ್ಟ್ರು ಪಿರಿಯಡ್ ಪಿರಿಯಡ್ಡಾಗಿ. ಮನಸ್ಸು ಎಲ್ಲಿ ಹಗುರವಾಗಿತ್ತು, ಎಲ್ಲಿ ಗಂಟಾಯಿತು ಅಂತ ಎರಡನ್ನೂ ಗಮನಿಸಿ. ಗಂಟಾದ ಕಡೆ ಒಂದು ಗಳಿಗೆ ನಿಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಗುರುತಿನ ಚೀಟಿ ನೋಡಿ ಝೀರೋ ಟಿಕೆಟ್ ಹೊಡೆಯಲೇಬೇಕು, ಅದೂ ಮುಂದಿನ ಸ್ಟೇಜ್ ಬರುವುದರೊಳಗೆ. ಬಸ್ಸು ತುಂಬಿ ತುಳುಕುತ್ತಿದೆ. ಒಬ್ಬರು ಅಜ್ಜಿ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ ಸುಣ್ಣದ ಡಬ್ಬಿ ತೆಗೆದರು, ಬೀಗದ ಕೈ ತೆಗೆದರು, ಮಾತ್ರೆ ಚೀಟಿ ತೆಗೆದರು, ಆಧಾರ್ ಕಾರ್ಡು ಮಾತ್ರ ಬರಲಿಲ್ಲ. ‘ಬೇಗ ತೆಗೀರಜ್ಜೀ!’ ಅನ್ನುವ ಮಾತು ಹೊರಗೆ ಬಂದೇಬಿಡುತ್ತದೆ, ಬಸ್ಸೆಲ್ಲಾ ತಿರುಗಿ ನೋಡುವಷ್ಟು ಗಟ್ಟಿಯಾಗಿ. ರಾತ್ರಿ ಕೂತಾಗ ‘ನಾನೆಂಥ ಪಾಪಿ, ನಾನೆಂಥ ದುರುಳ’ ಅಂತ ಎದೆ ಬಡಿದುಕೊಳ್ಳುವುದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ: ಆ ಹೊತ್ತಿನಲ್ಲಿ ನಾನು ಏನನ್ನು ಕಾಪಾಡಿಕೊಳ್ಳುತ್ತಿದ್ದೆ? ಮುಂದೆ ಚೆಕಿಂಗ್ ಜೀಪು ನಿಂತಿದ್ದರೆ, ಒಬ್ಬರಿಗೆ ಟಿಕೆಟ್ ಇಲ್ಲದಿದ್ದರೆ, ಮೆಮೊ ನನಗೆ. ಅಂದರೆ ಅಜ್ಜಿಯ ಮೇಲೆ ಸಿಟ್ಟೇ ಇರಲಿಲ್ಲ. ನನ್ನ ಭಯ ಅವರ ಮೇಲೆ ಬಿತ್ತು, ಯಾಕೆಂದರೆ ತಿರುಗಿ ಬೈಯುವ ಶಕ್ತಿ ಅವರಿಗಿರಲಿಲ್ಲ. ಇದೇ ಹೊತ್ತಿನಲ್ಲಿ ಒಬ್ಬ ಸೂಟುಬೂಟಿನವರು ಪರ್ಸು ಹುಡುಕುತ್ತಿದ್ದರೆ ನಾನು ಸುಮ್ಮನೆ ನಿಲ್ಲುತ್ತಿದ್ದೆ. ಇಷ್ಟು ಕಂಡರೆ ಆ ರಾತ್ರಿಗೆ ಸಾಕು. ವಿನಯ ಅಂದರೆ ಇರುವುದನ್ನು ಇರುವಷ್ಟೇ ನೋಡುವುದು ಅಂತ ನನ್ನ ತಿಳಿವಳಿಕೆ. ಕಡಿಮೆ ಮಾಡಿ ನೋಡಿದರೂ ಸುಳ್ಳು, ಜಾಸ್ತಿ ಮಾಡಿ ನೋಡಿದರೂ ಸುಳ್ಳು.

ಮಾಡಿದ್ದರ ಜೊತೆಗೆ ಮಾಡದೆ ಬಿಟ್ಟದ್ದನ್ನೂ ನೋಡಿ. ಚರ್ಚಿನ ಬಲಿಪೂಜೆಯ ಶುರುವಿನಲ್ಲಿ ನಾವು ತಪ್ಪೊಪ್ಪಿಕೊಳ್ಳುವಾಗ ಆಲೋಚನೆ, ಮಾತು, ಕೃತಿಗಳ ಜೊತೆ ಕರ್ತವ್ಯ ಬಿಟ್ಟದ್ದನ್ನೂ ಸೇರಿಸುತ್ತೇವಲ್ಲ. ಮಗು ಎತ್ತಿಕೊಂಡು ನಿಂತವರಿಗೆ ಸೀಟು ಬಿಡಿಸಿಕೊಡದೆ ಮುಂದೆ ಹೋದದ್ದು ಯಾರ ಲೆಕ್ಕದಲ್ಲೂ ಬರುವುದಿಲ್ಲ, ಇಲ್ಲಿ ಬರಬೇಕು.

ಎರಡು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ತಪ್ಪು ಹುಡುಕುವುದೇ ಚಟವಾಗಬಾರದು. ಮನ್ರೇಸಾ ಅನ್ನುವ ಊರಿನಲ್ಲಿದ್ದಾಗ ಸ್ವತಃ ಇಗ್ನೇಷಿಯಸ್ ಹಳೆಯ ಪಾಪಗಳನ್ನು ಮತ್ತೆ ಮತ್ತೆ ಕೆದಕಿ, ಬದುಕೇ ಬೇಡ ಅನ್ನಿಸುವಷ್ಟು ನರಳಿದರು. ಒಂದು ವಾರ ಅನ್ನ ನೀರು ಬಿಟ್ಟರು. ಉಪವಾಸ ನಿಲ್ಲಿಸು ಅಂತ ಅಪ್ಪಣೆ ಕೊಟ್ಟದ್ದು ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳೇ. ನಿಮಗೂ ಈ ಹತ್ತು ನಿಮಿಷ ಹಿಂಸೆಯಾಗುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಮೂರನೇ ಹಂತ ನಿಲ್ಲಿಸಿ. ನಂಬಿಕೆಯ ಗುರುಗಳ ಜೊತೆ ಮಾತಾಡಿ. ಡಾಕ್ಟರ ಹತ್ತಿರ ಹೋಗಬೇಕಾದರೆ ನಾಚಿಕೆ ಬೇಡ.

ಇನ್ನೊಂದು, ಅನ್ಯಾಯಕ್ಕೆ ಕೃತಜ್ಞತೆಯ ಬಣ್ಣ ಬಳಿಯಬೇಡಿ. ಪ್ರಯಾಣಿಕನೊಬ್ಬ ಕೊರಳಪಟ್ಟಿ ಹಿಡಿದರೆ ‘ದೇವರು ನನಗೆ ತಾಳ್ಮೆ ಕಲಿಸುತ್ತಿದ್ದಾನೆ’ ಅಂತ ಬರೆದುಕೊಂಡು ಮಲಗುವುದು ವಿನಯವಲ್ಲ. ಕಂಪ್ಲೇಂಟ್ ಕೊಡಿ. ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಶಿಷ್ಯರ ಕಾಲು ತೊಳೆದ ಯೇಸುಸ್ವಾಮಿಯೇ 18ನೇ ಅಧ್ಯಾಯದಲ್ಲಿ ಕೆನ್ನೆಗೆ ಹೊಡೆದ ಕಾವಲುಗಾರನನ್ನು, ನಾನು ಆಡಿದ್ದು ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳುತ್ತಾರೆ.

ಕ್ಷಮೆ, ಆಮೇಲೆ ನಾಳೆ

ಕ್ಷಮೆ ಕೇಳುವಾಗ ಉದ್ದ ಮಾತು ಬೇಡ. ಕಂಡ ಒಂದು ಸಂಗತಿಯನ್ನು ಹೆಸರಿಟ್ಟು ಹೇಳಿ, ದೇವಾಲಯದಲ್ಲಿ ನಿಂತ ಆ ಸುಂಕದವನ ಹಾಗೆ ಕರುಣಿಸು ಅನ್ನಿ. ದೊಡ್ಡದಾದರೆ ಪಾಪನಿವೇದನೆಗೆ ತೆಗೆದುಕೊಂಡು ಹೋಗಿ. ನೊಂದವರು ಮತ್ತೆ ಸಿಗುವವರಾದರೆ ಅವರನ್ನೂ ಕೇಳಿ. ಅದೇ ರೂಟಿನ ಅಜ್ಜಿ ಸೋಮವಾರದ ಸಂತೆಗೆ ಬಂದೇ ಬರುತ್ತಾರೆ.

ನಾಳೆಗೆ ಒಂದೇ ಒಂದು ಕೆಲಸ ಇಟ್ಟುಕೊಳ್ಳಿ. ‘ಇನ್ನು ಮೇಲೆ ಸಿಟ್ಟು ಮಾಡುವುದಿಲ್ಲ’ ಅನ್ನುವುದು ಮೊದಲ ಸ್ಟಾಪಿಗೇ ಇಳಿದುಹೋಗುವ ನಿರ್ಧಾರ. ‘ಚೀಟಿ ಹುಡುಕುತ್ತಿರುವವರನ್ನು ಬಿಟ್ಟು ಪಕ್ಕದ ಸೀಟಿನವರಿಗೆ ಟಿಕೆಟ್ ಕೊಟ್ಟು ಮತ್ತೆ ಬರುತ್ತೇನೆ’ ಅನ್ನುವುದು ನಡೆಯುತ್ತದೆ. ಇಗ್ನೇಷಿಯಸ್ ಇದಕ್ಕೆ ಬಹಳ ಸರಳವಾದ ಒಂದು ರೂಢಿ ಹೇಳಿಕೊಟ್ಟಿದ್ದಾರೆ. ಒಂದು ಸಲಕ್ಕೆ ಒಂದೇ ದೋಷ ಆರಿಸಿಕೊಳ್ಳಬೇಕು. ದಿನಕ್ಕೆ ಎರಡು ಗೆರೆ ಎಳೆದು, ಮಧ್ಯಾಹ್ನದ ತನಕ ಜಾರಿದ್ದಕ್ಕೆ ಮೇಲಿನ ಗೆರೆಯಲ್ಲಿ, ರಾತ್ರಿಯ ತನಕ ಜಾರಿದ್ದಕ್ಕೆ ಕೆಳಗಿನ ಗೆರೆಯಲ್ಲಿ ಚುಕ್ಕೆ ಇಡಬೇಕು. ಇವತ್ತಿನದನ್ನು ನಿನ್ನೆಯದರ ಜೊತೆ, ಈ ವಾರದ್ದನ್ನು ಹೋದ ವಾರದ್ದರ ಜೊತೆ ಹೋಲಿಸಬೇಕು. ಜಾರಿದ ಆ ಗಳಿಗೆಯಲ್ಲೇ ಕೈಯನ್ನು ಎದೆಗೆ ಒಯ್ಯಬೇಕು. ನಾಲ್ಕು ಜನರ ನಡುವೆಯೂ ಯಾರಿಗೂ ಗೊತ್ತಾಗದಂತೆ ಮಾಡಬಹುದು ಅಂತ ಅವರೇ ಹೇಳಿದ್ದಾರೆ. ಕಂಡಕ್ಟರಿಗಂತೂ ಇದು ಹೇಳಿ ಮಾಡಿಸಿದ್ದು. ಖಾಕಿ ಷರಟಿನ ಜೇಬಿಗೆ ಕೈ ಹೋದರೆ ಪೆನ್ನು ಹುಡುಕುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಚುಕ್ಕೆ ಕಮ್ಮಿಯಾದ ವಾರ ಹಿಗ್ಗಬೇಡಿ, ಆ ವಾರ ಬಸ್ಸೇ ಖಾಲಿ ಇದ್ದಿರಬಹುದು. ತಿಂಗಳುಗಟ್ಟಲೆ ಹಿಡಿದು ನೋಡಿದರೆ ಮಾತ್ರ ಏನಾದರೂ ಗೊತ್ತಾಗುತ್ತದೆ.

ಹೊಸದಾಗಿ ಶುರು ಮಾಡುವವರು ಐದು ಹಂತವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ಎರಡು ವಾರ ಉಪಕಾರದ ಸಾಲುಗಳನ್ನಷ್ಟೇ ಬರೆಯಿರಿ, ದಿನಕ್ಕೆ ಮೂರು. ಅದು ಅಭ್ಯಾಸವಾದ ಮೇಲೆ ದಿನ ತಿರುವುವುದು, ಅದರ ಮೇಲೆ ಚುಕ್ಕೆ. ಮನೆಯಲ್ಲಿ ಮಕ್ಕಳಿದ್ದರೆ ಊಟದ ಹೊತ್ತಿನಲ್ಲಿ ಮೊದಲ ಹಂತವನ್ನು ಅವರ ಜೊತೆಗೂ ಮಾಡಬಹುದು: ‘ಇವತ್ತು ನಿನಗೆ ಯಾರು ಏನು ಮಾಡಿಕೊಟ್ರು ಪುಟ್ಟಾ?’ ಅಂತ ಕೇಳಿದರೆ ಸಾಕು, ಪೆನ್ಸಿಲ್ ಕೊಟ್ಟ ಸ್ನೇಹಿತರಿಂದ ಹಿಡಿದು ಬಿಸಿಯೂಟ ಬಡಿಸಿದ ಅಮ್ಮನ ತನಕ ಎಲ್ಲರೂ ಬರುತ್ತಾರೆ. ಅವರ ತಪ್ಪುಗಳನ್ನು ಮಾತ್ರ ತಟ್ಟೆ ಮುಂದೆ ಕೇಳಬೇಡಿ.